ಬ್ರೈಟನ್‌ನಲ್ಲಿ ಒಂದು ದಿನ: ಪಿಯರ್, ಅರಮನೆ, ಛತ್ರಿ

ಲಂಡನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಾದ ಬ್ರೈಟನ್‌ಗೆ ಹೆಚ್ಚಿನವರು ಬೆಳಿಗ್ಗೆ ಹೋಗಿ ಸಂಜೆಗೆ ಮರಳುತ್ತಾರೆ. ಅಷ್ಟರಲ್ಲಿ ಏನನ್ನು ನೋಡಬೇಕು, ಏನನ್ನು ಬಿಡಬಹುದು ಎಂಬುದನ್ನು ಎರಡು ಸಲ ಹೋಗಿ ಬಂದ ಅನುಭವದಿಂದ ಹೇಳುತ್ತಿದ್ದೇನೆ.

1899ರಲ್ಲಿ ತೆರೆದ ಪ್ಯಾಲೇಸ್ ಪಿಯರ್ ಎಂಬ ವಿಹಾರಸೇತುವೆ ಕಬ್ಬಿಣದ ಕಂಬಗಳ ಮೇಲೆ ಅರ್ಧ ಕಿಲೋಮೀಟರಿನಷ್ಟು ಕಡಲೊಳಕ್ಕೆ ಚಾಚಿದೆ. ಹಲಗೆಗಳ ಸಂದಿನಲ್ಲಿ ಕಾಲಡಿಯ ನೀರು ಕಾಣುವುದೇ ಅಲ್ಲಿಯ ನಿಜವಾದ ಸೊಗಸು. ಜೊತೆಯಲ್ಲಿ ಮಕ್ಕಳಿಲ್ಲದಿದ್ದರೆ ಅರ್ಧ ಗಂಟೆ ಸಾಕು.

ರಾಯಲ್ ಪೆವಿಲಿಯನ್‌ಗೆ ಮಾತ್ರ ಎರಡು ಗಂಟೆಯನ್ನಾದರೂ ಮೀಸಲಿಡಬೇಕು. ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ರಾಜಕುಮಾರನಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ 1815ರಿಂದ ರೂಪಿಸಿದ ಈ ಅರಮನೆಗೆ ಹೊರಗೆ ಭಾರತದ ಗುಮ್ಮಟಗಳು, ಒಳಗೆ ಚೀನೀ ಅಲಂಕಾರ. ಇಬ್ಬರೂ ಭಾರತವನ್ನು ಕಂಡವರಲ್ಲ. ಭೋಜನಶಾಲೆಯ ದೊಡ್ಡ ದೀಪಗುಚ್ಛವನ್ನು ಡ್ರ್ಯಾಗನ್ ಒಂದು ಹಿಡಿದು ನಿಂತಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ: 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಇದು ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು. ಆಗ ಸಂಗೀತಶಾಲೆಯಲ್ಲೂ ಮಂಚಗಳ ಸಾಲಿತ್ತು; ಅವರವರ ಧರ್ಮ, ಜಾತಿಗೆ ತಕ್ಕಂತೆ ಪ್ರತ್ಯೇಕ ಅಡುಗೆಮನೆಗಳಿದ್ದವು.

ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಜಾಗದಲ್ಲಿ, ಊರಿನ ಉತ್ತರಕ್ಕೆ ಪ್ಯಾಚಮ್ ಬಳಿಯ ಗುಡ್ಡದ ಮೇಲೆ, 1921ರಲ್ಲಿ ‘ಛತ್ರಿ’ ಎಂಬ ಸ್ಮಾರಕ ಮಂಟಪವನ್ನು ಕಟ್ಟಿದರು. ಎಂಟು ಕಂಬಗಳ ಮೇಲೆ ಬಿಳಿ ಅಮೃತಶಿಲೆಯ ಗುಮ್ಮಟ. ಚಿತೆಯ ಕಟ್ಟೆಗಳಿದ್ದಲ್ಲಿ ಗ್ರಾನೈಟಿನ ಮೂರು ಹಾಸುಗಲ್ಲುಗಳು. ಪಕ್ಕದಲ್ಲಿ 2010ರಲ್ಲಿ ನಿಲ್ಲಿಸಿದ ಗೋಡೆಯ ಮೇಲೆ ಆ ಸೈನಿಕರ ಹೆಸರುಗಳಿವೆ. ನಾನು ಒಂದೊಂದನ್ನೂ ಮೆಲ್ಲಗೆ ಬಾಯಿಬಿಟ್ಟು ಓದಿದೆ. ಪ್ರವೇಶ ಶುಲ್ಕವಿಲ್ಲ; ಆದರೆ ಅಲ್ಲಿಯವರೆಗೆ ವಾಹನ ಹೋಗುವುದಿಲ್ಲ, ಕುರಿ ಮೇಯುವ ಹುಲ್ಲುಗಾವಲಿನ ನಡುವೆ ಏರುದಾರಿಯಲ್ಲಿ ನಡೆಯಬೇಕು. ಮಳೆ ಬಂದರೆ ದಾರಿ ಕೆಸರಾಗುತ್ತದೆ, ನೀರನ್ನು ನಾವೇ ಒಯ್ಯಬೇಕು. ಮಂಡಿನೋವಿರುವ ಹಿರಿಯರನ್ನು ಅರಮನೆಗಷ್ಟೇ ಕರೆದೊಯ್ಯುವುದು ಒಳ್ಳೆಯದು.

ಎರಡಕ್ಕೇ ಸಮಯವಿದ್ದರೆ ಪಿಯರನ್ನು ಬಿಡಿ, ಅರಮನೆಯನ್ನು ಮೊದಲು ನೋಡಿ. ಮೊದಲ ಸಲ ನಾನು ನೇರವಾಗಿ ಗುಡ್ಡ ಹತ್ತಿದಾಗ ಕಂಡದ್ದು ಚೆಲುವಾದ ಒಂದು ಮಂಟಪ ಮಾತ್ರ. ಸಂಗೀತಶಾಲೆಯ ಮಂಚಗಳ ವಿಷಯ ತಿಳಿದು ಎರಡನೆಯ ಸಲ ಹೋದಾಗ ಆ ಮೂರು ಕಲ್ಲುಗಳ ಬಳಿ ಬಹಳ ಹೊತ್ತು ನಿಂತಿದ್ದೆ.