ಊನೋ ಬೋರ್ಡ್: ಎಣಿಕೆಗೆ ಗಟ್ಟಿ, ಗಡಿಯಾರಕ್ಕೆ ಸಾಲದು

ಮಂಗಳೂರಿನ ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಕೊಂಡ ಈ ಆರ್ಡುಯಿನೋ ಊನೋ ಮಾದರಿಯ ಬೋರ್ಡಿನ (ಪ್ರೋಗ್ರಾಂ ತುಂಬಿ ಸೆನ್ಸರ್, ಮೋಟಾರುಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಎಟಿಮೆಗಾ328ಪಿ ಚಿಪ್‌ನಲ್ಲಿ ಕ್ಲಾಕಿನ ಮಿಡಿತಗಳನ್ನು ಎಣಿಸುವ ಮೂರು ಟೈಮರ್‌ಗಳಿದ್ದರೂ, ನನ್ನ ಕೆಲಸಕ್ಕೆ ಒದಗಿದ್ದು 16 ಬಿಟ್‌ನ ಟೈಮರ್ 1 ಮಾತ್ರ. 16 ಮೆಗಾಹರ್ಟ್ಸ್ ಕ್ಲಾಕನ್ನು ಪ್ರೀಸ್ಕೇಲರ್ (ಕ್ಲಾಕಿನ ವೇಗ ತಗ್ಗಿಸುವ ಭಾಗ) 256ರಿಂದ ಭಾಗಿಸಿದಾಗ ಸೆಕೆಂಡಿಗೆ 62,500 ಎಣಿಕೆಗಳಾಗುವುದರಿಂದ, ಎಣಿಕೆಯ ಮಿತಿ ಇಡುವ ಕಂಪೇರ್ ರಿಜಿಸ್ಟರ್‌ನಲ್ಲಿ 62,499 ಬರೆದು (ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ) ಮಿತಿ ಮುಟ್ಟಿದೊಡನೆ ಎಣಿಕೆ ಸೊನ್ನೆಗೆ ಮರಳುವ ಸಿಟಿಸಿ ಮೋಡ್‌ಗೆ ಹಾಕಿದರೆ, ಪ್ರೊಸೆಸರ್ ಬೇರೆ ಲೆಕ್ಕದಲ್ಲಿ ಮುಳುಗಿದ್ದರೂ ಸೆಕೆಂಡಿಗೊಮ್ಮೆ ಇಂಟರಪ್ಟ್ (ಪ್ರೊಸೆಸರ್ ಅನ್ನು ತಡೆದು ಕರೆಯುವ ಸಂಕೇತ) ಏಳುತ್ತದೆ. ತೋಟದ ಪಂಪಿನ ನೀರಿನ ಹರಿವು ಅಳೆಯುವ ಫ್ಲೋ ಸೆನ್ಸರ್‌ನ ತಂತಿಯನ್ನು 5ನೇ ಪಿನ್ನಿಗೆ ಕೊಟ್ಟು ಸೆಟ್ಟಿಂಗ್ ಬದಲಿಸಿದರೆ ಅದೇ ಟೈಮರ್ ಕೌಂಟರ್ ಆಗಿ ಪಲ್ಸ್‌ಗಳನ್ನು ತಾನೇ ಎಣಿಸುತ್ತದೆ. ಆಗ 9 ಮತ್ತು 10ನೇ ಪಿನ್ನುಗಳ ಪಿಡಬ್ಲ್ಯುಎಂ (ಮೋಟಾರಿನ ವೇಗ, ದೀಪದ ಬೆಳಕು ಹೆಚ್ಚು-ಕಡಿಮೆ ಮಾಡುವ ಪಲ್ಸ್) ಆಸೆ ಬಿಡಬೇಕು. ಚಿಪ್‌ನ ಪಕ್ಕದಲ್ಲಿ ಕ್ರಿಸ್ಟಲ್ ಬದಲು ಅದಕ್ಕಿಂತ ಕಡಿಮೆ ನಿಖರವಾದ ಸೆರಾಮಿಕ್ ರೆಸೋನೇಟರ್ ಇರುವುದರಿಂದ, ದಿನಗಟ್ಟಲೆ ಸಮಯ ತೋರಿಸಬೇಕಾದ ಗಡಿಯಾರಕ್ಕೆ ಸಮಯ ಕಾಯಲೆಂದೇ ಇರುವ ಪ್ರತ್ಯೇಕ ಆರ್‌ಟಿಸಿ ಮಾಡ್ಯೂಲ್ ಕೊಳ್ಳುವುದೇ ಲೇಸು.