ಮೈಲೇಜಿನ ಆಸೆಗೆ ಏರ್ ಫಿಲ್ಟರ್ ಬದಲಿಸುವ ಮುನ್ನ ಇದನ್ನು ಓದಿ

ಕಂಪನಿಯ ಏರ್ ಫಿಲ್ಟರ್ ತೆಗೆದು ಎಣ್ಣೆ ಸವರಿದ ಹತ್ತಿಬಟ್ಟೆಯದು ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಮಾತು ನಂಬಿ ನಾನು ಕಳೆದ ವರ್ಷ 5,800 ರೂಪಾಯಿ ಸುರಿದೆ. ಒಂದು ಹನಿ ಪೆಟ್ರೋಲೂ ಉಳಿಯಲಿಲ್ಲ. ಹತ್ತು ತಿಂಗಳ ಕಾಲ ನನ್ನ ಕಾರಿನ ಎಂಜಿನ್ನಿಗೆ ನಾನೇ ದೂಳು ತಿನ್ನಿಸಿದೆ. ಸಂಡೂರು, ತೋರಣಗಲ್ಲು, ಹೊಸಪೇಟೆಯ ಕಡೆ ದಿನವೂ ಕಾರು ಓಡಿಸುವವರು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಹೊಸಪೇಟೆಯಿಂದ ಕೆಲಸಕ್ಕೆ ಹೋಗಿ ಬರಲು ನನಗೆ ದಿನಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು ಪ್ರಯಾಣವಿದೆ. ತಿಂಗಳಿಗೆ ಹೆಚ್ಚುಕಡಿಮೆ ನೂರು ಲೀಟರ್ ಪೆಟ್ರೋಲ್. ಕಾರಿಗೆ ಸೀಟ್ ಕವರ್ ಹಾಕಿಸಲು ಹೋದ ಅಂಗಡಿಯಲ್ಲಿ ಆ ಫಿಲ್ಟರ್ ತೋರಿಸಿದರು. ಕೆಂಪು ರಬ್ಬರಿನ ಅಂಚು, ನಡುವೆ ತಂತಿ ಬಲೆ, ಅದರೊಳಗೆ ಎಣ್ಣೆ ಸವರಿದ ಹತ್ತಿಬಟ್ಟೆಯ ಮಡಿಕೆಗಳು. "ಸರ್, ಕಂಪನಿ ಫಿಲ್ಟರ್ ಬರೀ ಕಾಗದ. ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಇದನ್ನು ಹಾಕಿಸಿ, ನೂರಕ್ಕೆ ಹತ್ತರಷ್ಟು ಮೈಲೇಜ್ ಖಂಡಿತ. ತೊಳೆದು ಮತ್ತೆ ಹಾಕಬಹುದು, ಜೀವನಪೂರ್ತಿ ಬಾಳಿಕೆ" ಎಂದರು. ತಿಂಗಳಿಗೆ ಹತ್ತು ಲೀಟರ್ ಉಳಿದರೆ ಆರು ತಿಂಗಳಲ್ಲಿ ದುಡ್ಡು ವಾಪಸ್ ಎಂದು ನಾನೂ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿತ್ತು. ಆ ಹತ್ತು ಲೀಟರ್ ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಲಿಲ್ಲ.

ಮೊದಲ ಟ್ಯಾಂಕಿನಲ್ಲಿ ಲೀಟರಿಗೆ 17.5 ಬಂತು. ಮೊದಲು 16ರ ಆಸುಪಾಸು ಇತ್ತು. ಇಬ್ಬರು ಸಹೋದ್ಯೋಗಿಗಳಿಗೆ ಫೋನ್ ಮಾಡಿ ಹೇಳಿದೆ, ಅವರಲ್ಲಿ ಒಬ್ಬರು ತಮ್ಮ ಕಾರಿಗೂ ಹಾಕಿಸಿಬಿಟ್ಟರು. ಆ ಮಾತು ಇವತ್ತಿಗೂ ನನ್ನ ಮನಸ್ಸನ್ನು ಕೊರೆಯುತ್ತದೆ. ಏಕೆಂದರೆ ಆ ವಾರ ನಾನು ಹೊಸ ಫಿಲ್ಟರಿನ ಫಲ ನೋಡಬೇಕೆಂದು ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಓಡಿಸಿದ್ದೆ, ನಡುವೆ ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೂ ಹೋಗಿ ಬಂದಿದ್ದೆ. ಮುಂದಿನ ಆರು ಟ್ಯಾಂಕುಗಳನ್ನು ಪ್ರತಿ ಸಲವೂ ಅದೇ ಬಂಕಿನಲ್ಲಿ ತುಂಬಿಸಿ, ಡೈರಿಯಲ್ಲಿ ಬರೆದಿಟ್ಟು ಸರಾಸರಿ ತೆಗೆದೆ: 16.1.

ಆಗಲೇ ಅದನ್ನು ತೆಗೆದು ಹಾಕಬೇಕಿತ್ತು. ಮೈಲೇಜ್ ಬಾರದಿದ್ದರೂ ಒಳ್ಳೆಯ ಫಿಲ್ಟರ್ ತಾನೇ, ಇರಲಿ ಎಂದು ಬಿಟ್ಟೆ. ಎಂಟನೇ ತಿಂಗಳಲ್ಲಿ ಅಂಗಡಿಯವರು ಹೇಳಿದಂತೆ ತೊಳೆದು, ಒಣಗಿಸಿ, ಬಾಟಲಿಯ ಎಣ್ಣೆ ಸವರಿ ಮತ್ತೆ ಕೂರಿಸಿದೆ. ಅದಾಗಿ ಎರಡು ತಿಂಗಳಿಗೆ ಮೀಟರಿನಲ್ಲಿ ಎಂಜಿನ್ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡಿತು. ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ನಡುಗುತ್ತಿತ್ತು.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಎಂದು ತೋರಿಸಿತು. ಮೆಕ್ಯಾನಿಕ್ ಫಿಲ್ಟರ್ ಡಬ್ಬಿಯ ಆಚೆಗಿನ ಪೈಪಿನಲ್ಲಿ ಗಾಳಿಯ ಪ್ರಮಾಣ ಅಳೆಯುವ ಸೆನ್ಸರನ್ನು ಬಿಚ್ಚಿ ಟಾರ್ಚ್ ಹಿಡಿದರು. ಅದರೊಳಗೆ ಕೂದಲಿನಷ್ಟು ತೆಳ್ಳಗಿನ ತಂತಿ ಇರುತ್ತದೆ. ಅದನ್ನು ಕಾಯಿಸಿ ಇಟ್ಟಿರುತ್ತಾರೆ, ಹಾದುಹೋಗುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಗಾಳಿಯ ಲೆಕ್ಕ ಸಿಗುತ್ತದೆ. ನನ್ನ ಕಾರಿನ ತಂತಿಯ ಮೇಲೆ ಕಂದು ಬಣ್ಣದ ಅಂಟು ಕೂತಿತ್ತು. ಫಿಲ್ಟರಿನ ಎಣ್ಣೆ ಆವಿಯಂತೆ ಹಾರಿಬಂದು ಅಲ್ಲಿ ಹತ್ತಿಕೊಂಡು, ಅದರ ಮೇಲೆ ದೂಳು ಮೆತ್ತಿಕೊಂಡಿತ್ತು. ಹಾಗಾಗಿ ಸೆನ್ಸರ್ ಗಾಳಿಯನ್ನು ಕಡಿಮೆ ಲೆಕ್ಕ ಹಾಕಿ, ಪೆಟ್ರೋಲೂ ಕಡಿಮೆ ಬೀಳುತ್ತಿತ್ತು. ಆಮೇಲೆ ಅವರು, "ಸರ್, ಇಲ್ಲಿ ಕೈ ಹಾಕಿ ನೋಡಿ" ಎಂದು ಪೈಪಿನ ಒಳಮೈ ತೋರಿಸಿದರು. ಬೆರಳು ಎಳೆದೆ. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದಂಥ ಕೆಸರು ಬೆರಳಿಗೆ ಅಂಟಿತು. ನಮ್ಮ ರಸ್ತೆಯ ಅದಿರಿನ ದೂಳು. ಫಿಲ್ಟರಿನ ಹೊರಗೆ ಇರಬೇಕಾದದ್ದು ಒಳಗೆ ಇತ್ತು.

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಂದರೆ ನನ್ನ ಕಾರು ದಿನವೊಂದಕ್ಕೆ ಮೂವತ್ತಾರು ಸಾವಿರ ಲೀಟರ್ ಗಾಳಿಯನ್ನು ಅದಿರಿನ ಲಾರಿಗಳ ಬೆನ್ನ ಹಿಂದಿನಿಂದ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಸಿಲಿಕಾದ ಕಣಗಳು ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ಉಪ್ಪುಕಾಗದದಂತೆ ಸವೆಸುತ್ತವೆ. ಫಿಲ್ಟರ್ ಇರುವುದು ಇದನ್ನು ತಡೆಯುವುದಕ್ಕೆ. ಗಾಳಿಯನ್ನು ಸರಾಗವಾಗಿ ಬಿಡುವ ಹತ್ತಿ ಫಿಲ್ಟರ್ ನನ್ನ ಕಾರಿನಲ್ಲಿ ದೂಳನ್ನೂ ಅಷ್ಟೇ ಸರಾಗವಾಗಿ ಬಿಟ್ಟಿತ್ತು.

ಹಾಗಾದರೆ ಮೈಲೇಜಿನ ಮಾತು ಹುಟ್ಟಿದ್ದೆಲ್ಲಿ? ಗಾಳಿಗೆ ಪೆಟ್ರೋಲ್ ಬೆರೆಸಲು ಕಂಪ್ಯೂಟರ್ ಇಲ್ಲದೆ ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಅದರಲ್ಲಿ ಸ್ವಲ್ಪ ಸತ್ಯವಿತ್ತು. ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800 ಕಾರುಗಳಲ್ಲಿ ಫಿಲ್ಟರ್ ದೂಳಿನಿಂದ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಅತಿಯಾಗುತ್ತಿತ್ತು, ಹೊಗೆ ಕಪ್ಪಾಗುತ್ತಿತ್ತು. ಈಗಿನ ಪೆಟ್ರೋಲ್ ಕಾರುಗಳಲ್ಲಿ ಕಂಪ್ಯೂಟರ್ ಗಾಳಿ ಅಳೆದು, ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರಿನಿಂದ ಮತ್ತೆ ತಾಳೆ ನೋಡಿ, ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಇರುವಂತೆ ಕಾಯುತ್ತದೆ. ಗಾಳಿ ಕಡಿಮೆ ಬಂದರೆ ಪೆಟ್ರೋಲನ್ನೂ ಕಡಿಮೆ ಬಿಡುತ್ತದೆ. ಇನ್ನು ನಾವು ನಿತ್ಯ ಓಡಿಸುವ ವೇಗದಲ್ಲಿ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಗಿಲು ಅರ್ಧವೂ ತೆರೆದಿರುವುದಿಲ್ಲ. ತೂಬನ್ನು ಅರೆಮುಚ್ಚಿ, ಅಲ್ಲಿಗೆ ನೀರು ತರುವ ಕಾಲುವೆಯನ್ನು ಎಷ್ಟು ಅಗಲ ಮಾಡಿದರೇನು, ಗದ್ದೆಗೆ ಇಳಿಯುವ ನೀರು ಅಷ್ಟೇ.

ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷಿಸಿತ್ತು. ಫಿಲ್ಟರ್ ಬೇಕೆಂದೇ ಕಟ್ಟಿಕೊಳ್ಳುವಂತೆ ಮಾಡಿ ಓಡಿಸಿದರೂ, ಕಂಪ್ಯೂಟರ್ ಪೆಟ್ರೋಲ್ ಅಳೆದು ಬಿಡುವ ಆಧುನಿಕ ಕಾರುಗಳ ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪಿಕಪ್ ಮಾತ್ರ ಕುಗ್ಗಿತು. ಕಟ್ಟಿಕೊಂಡ ಫಿಲ್ಟರನ್ನು ಬಿಸಾಡಿ ಹೊಸದು ಹಾಕಿದರೇ ಪೆಟ್ರೋಲ್ ಉಳಿಯದಿದ್ದಾಗ, ಚೆನ್ನಾಗಿರುವ ಫಿಲ್ಟರ್ ತೆಗೆದು ದುಬಾರಿಯದು ಹಾಕಿದರೆ ಹೇಗೆ ಉಳಿದೀತು?

ಸೆನ್ಸರ್ ತೊಳೆದರೂ ಸರಿಹೋಗಲಿಲ್ಲ, ಹೊಸದು ಹಾಕಬೇಕಾಯಿತು, ಎಂಟೂವರೆ ಸಾವಿರ. ವಾರಂಟಿ ಕೇಳಲು ಶೋರೂಮಿಗೆ ಹೋದರೆ ಹೊರಗಿನ ಫಿಲ್ಟರ್ ನೋಡಿ ಆಗುವುದಿಲ್ಲ ಎಂದರು. ಫಿಲ್ಟರ್ ಮಾರಿದ ಅಂಗಡಿಯವರು ಎಣ್ಣೆ ನೀವೇ ಜಾಸ್ತಿ ಸವರಿದ್ದೀರಿ ಎಂದು ಕೈತೊಳೆದುಕೊಂಡರು. ಈಗ ಎಂಜಿನ್ ಆಯಿಲ್ ಸರ್ವಿಸಿಗೆ ಮೊದಲೇ ಇಳಿಯತೊಡಗಿದೆ. ಅದಕ್ಕೆ ಆ ಹತ್ತು ತಿಂಗಳ ದೂಳೇ ಕಾರಣವೆಂದು ಸಾಬೀತು ಮಾಡಲು ನನ್ನಿಂದ ಆಗದು, ಆದರೆ ಮೊದಲು ಹೀಗೆ ಇಳಿಯುತ್ತಿರಲಿಲ್ಲ.

ಕಂಪನಿಯ ಕಾಗದದ ಫಿಲ್ಟರಿಗೆ ನಾನು ಕೊಟ್ಟದ್ದು 420 ರೂಪಾಯಿ. ಕೈಪಿಡಿಯಲ್ಲಿರುವ ಕಿಲೋಮೀಟರ್ ಸಾಮಾನ್ಯ ರಸ್ತೆಗೆ ಹೇಳಿದ್ದು. ನಮ್ಮ ಕಡೆಯವರು ಅದಕ್ಕಿಂತ ಮೊದಲೇ ಬದಲಿಸಿ. ಆದರೆ ವಾರಕ್ಕೊಮ್ಮೆ ತೆಗೆದು ಕೊಡವಬೇಡಿ, ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹೊಡೆಸಬೇಡಿ, ಕಾಗದ ಸಣ್ಣಗೆ ಹರಿದರೆ ಕಣ್ಣಿಗೆ ಕಾಣುವುದಿಲ್ಲ. ಸ್ವಲ್ಪ ಕೊಳೆ ಹಿಡಿದ ಕಾಗದ ಹೊಸದಕ್ಕಿಂತ ಚೆನ್ನಾಗಿ ದೂಳು ಹಿಡಿಯುತ್ತದೆ.

ನಿಮ್ಮ ಕಾರಿನಲ್ಲಿ ಈಗಾಗಲೇ ಇಂಥ ಫಿಲ್ಟರ್ ಇದ್ದರೆ ಈ ಭಾನುವಾರವೇ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಡಬ್ಬಿಯ ಕ್ಲಿಪ್ಪುಗಳನ್ನು ಬಿಡಿಸಿ. ಫಿಲ್ಟರಿನಿಂದ ಎಂಜಿನ್ನಿನ ಕಡೆಗಿರುವ ಒಳಮೈಯನ್ನು, ಸೆನ್ಸರಿಗೆ ತಾಗದಂತೆ, ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕೆಂಪಾದರೆ ಆ ಕಾರನ್ನು ಮರುದಿನ ಸಂಡೂರಿನ ರಸ್ತೆಗೆ ಒಯ್ಯಬೇಡಿ. ನನ್ನ ಮಾತು ಕೇಳಿ ಫಿಲ್ಟರ್ ಹಾಕಿಸಿದ್ದ ಸಹೋದ್ಯೋಗಿಯ ಮನೆಗೆ ಹೋಗಿ ನಾನೇ ಒರೆಸಿ ನೋಡಿದೆ. ಕೆಂಪಾಯಿತು. ಅವರ ಕಾರಿಗೆ ಹೊಸ ಕಾಗದದ ಫಿಲ್ಟರನ್ನು ನಾನೇ ತಂದು ಹಾಕಿದ್ದೇನೆ.