ಕೊನೆಯ 2 ನಿಮಿಷದ ರಿವ್ಯೂ: ಕೋಚ್ ಕೇಳಬೇಕಾ, ಬೂತ್ ನೋಡಬೇಕಾ?

ನಿಮ್ಮ ಅಮೆರಿಕನ್ ಫುಟ್‌ಬಾಲ್ ಲೀಗ್‌ಗೆ ಯಾವುದು ಸರಿ ಅಂತ ಕೇಳಿದ್ದೀರಿ: ರೆಫರಿ ತೀರ್ಪನ್ನು ವಿಡಿಯೋದಲ್ಲಿ ಮತ್ತೆ ನೋಡಿ (ರಿವ್ಯೂ) ಅಂತ ಕೋಚ್ ಕೇಳುವ ಚಾಲೆಂಜಾ, ಅಥವಾ ವಿಡಿಯೋ ನೋಡುತ್ತಾ ಬೂತ್‌ನಲ್ಲಿ ಕೂತವರೇ ರಿವ್ಯೂ ಕರೆಯುವುದಾ. ಖರ್ಚು ನೋಡಿದರೆ ಕೋಚ್ ಚಾಲೆಂಜ್ ಅಗ್ಗ. ಸೋತರೆ ಒಂದು ಟೈಮ್‌ಔಟ್ (ತಂಡ ಆಟ ನಿಲ್ಲಿಸಿಕೊಳ್ಳುವ ಅವಕಾಶ) ಹೋಗುತ್ತದೆ, ಹಾಗಾಗಿ ಯಾರೂ ಸುಮ್ನೆ ಚಾಲೆಂಜ್‌ನ ಕೆಂಪು ಬಾವುಟ ಎಸೆಯುವುದಿಲ್ಲ. ಆದರೆ ಕೊನೆಯಲ್ಲಿ ಟೈಮ್‌ಔಟೇ ಉಳಿದಿರದಿದ್ದರೆ? ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಎರಡೂ ಅರ್ಧದ ಕೊನೆಯ 2 ನಿಮಿಷ ರಿವ್ಯೂ ಕರೆಯುವುದು ಬೂತ್‌ನವರ ಕೆಲಸ. ನ್ಯಾಯ ಜಾಸ್ತಿ, ಆದರೆ ಜನವೂ ಜಾಸ್ತಿ ಬೇಕು.

ಎರಡಕ್ಕೂ ಸಿಗದ ತಪ್ಪೂ ಇದೆ. 2019ರ ಜನವರಿ, ಎನ್‌ಎಫ್‌ಎಲ್ ತಂಡಗಳಾದ ಸೇಂಟ್ಸ್ ಮತ್ತು ರ‍್ಯಾಮ್ಸ್ ಪಂದ್ಯ, ಸ್ಕೋರ್ 20-20. ಚೆಂಡು ಬರುವ ಮೊದಲೇ ರ‍್ಯಾಮ್ಸ್ ಡಿಫೆಂಡರ್ ಅದನ್ನು ಹಿಡಿಯಬೇಕಿದ್ದ ರಿಸೀವರ್‌ಗೆ ಡಿಕ್ಕಿ ಹೊಡೆದ, ರೆಫರಿಗಳ ಫೌಲ್‌ನ ಹಳದಿ ಬಾವುಟ ಬೀಳಲೇ ಇಲ್ಲ, ಆಗಿನ ನಿಯಮದಲ್ಲಿ ಅದು ರಿವ್ಯೂಗೂ ಬರುತ್ತಿರಲಿಲ್ಲ. ಮುಂದಿನ ಸೀಸನ್‌ಗೆ ಇಂಥದ್ದೂ ರಿವ್ಯೂಗೆ ಬರುವಂತೆ ನಿಯಮ ಬದಲಿಸಿದರು, ಒಂದೇ ವರ್ಷಕ್ಕೆ ಕೈಬಿಟ್ಟರು!

ಒಂದೇ ಕ್ಯಾಮೆರಾ ಇದ್ದರೆ ಚಾಲೆಂಜ್ ಸಾಕು. ಆಡದೆ ಕೂರುವ ಇಬ್ಬರು ಸಿಕ್ಕರೆ ಬೂತ್ ಇಡಿ.